ಜರ್ಮನ್‌ನಲ್ಲಿ "ಹೋಗ್ತೀನಿ" ಅನ್ನೋಕೆ ಎಷ್ಟು ದಾರಿ ಗುರೂ? ನಾಖ್, ತ್ಸು, ಇನ್ಸ್, ಆನ್ಸ್ ಗೊಂದಲ

ಸಂಜೆಮಲ್ಲಿಗೆ:
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಜರ್ಮನ್ ಎ1 (ಮೊದಲನೇ ಹಂತ) ಕ್ಲಾಸ್‌ಗೆ ಹೋಗ್ತಾ ಇದೀನಿ, ಯಜಮಾನ್ರು ಜರ್ಮನಿಯ ಎರ್ಲಾಂಗನ್‌ನಲ್ಲಿ ಕೆಲ್ಸ ಮಾಡ್ತಾರೆ, ವೀಸಾ ಆದ್ಮೇಲೆ ನಾನೂ ಅಲ್ಲಿಗೇ. ಹೆಸ್ರು ಊರು ಹೇಳೋದು, ಅಂಕಿ ಎಣ್ಸೋದು, ಅಂಗಡೀಲಿ ರೇಟ್ ಕೇಳೋದು ಎಲ್ಲಾ ಪರ್ವಾಗಿಲ್ಲ, ಆದ್ರೆ ಎಲ್ಲಿಗಾದ್ರೂ ಹೋಗೋದ್ರ ಬಗ್ಗೆ ಪಾಠ ಶುರು ಆದಾಗಿಂದ ತಲೆ ಕೆಟ್ಟೋಗಿದೆ. ಬರ್ಲಿನ್‌ಗೆ ಅಂದ್ರೆ ನಾಖ್ ಬರ್ಲಿನ್, ಡಾಕ್ಟರ್ ಹತ್ರ ಅಂದ್ರೆ ತ್ಸುಮ್ ಆರ್ಟ್ಸ್ಟ್, ಸಿನ್ಮಾಗೆ ಅಂದ್ರೆ ಇನ್ಸ್ ಕೀನೋ, ಸಮುದ್ರಕ್ಕೆ ಅಂದ್ರೆ ಆನ್ಸ್ ಮೇರ್, ಸ್ವಿಟ್ಜರ್ಲೆಂಡ್‌ಗೆ ಅಂದ್ರೆ ಇನ್ ಡೀ ಶ್ವೈಟ್ಸ್. ನಾವು ಒಂದು "ಗೆ" ಹಾಕಿ ಮುಗ್ಸೋ ಕಡೆ ಇವ್ರು ಇಷ್ಟೆಲ್ಲಾ ಇಟ್ಕೊಂಡಿದಾರೆ. ಕ್ಲಾಸಲ್ಲಿ ಎಲ್ಲಾನೂ ಇಂಗ್ಲಿಷ್ ಮೂಲಕ ಹೇಳ್ಕೊಡ್ತಾರೆ, ಅದ್ರಿಂದ ನಂಗೆ ಇನ್ನೂ ಕಷ್ಟ ಆಗ್ತಿದೆ ಅನ್ಸತ್ತೆ. ಅಲ್ಲಿರೋರು ದಿನಾ ಬಾಯಲ್ಲಿ ಬರೋ ವಾಕ್ಯ ಯಾವ್ದು, ಮೊದ್ಲು ಏನು ಕಲೀಬೇಕು ಸ್ವಲ್ಪ ಹೇಳಿ.

ನೆಕ್ಕರ್_ದಂಡೆ:
ಸ್ಟುಟ್‌ಗಾರ್ಟ್ ಕಡೆಯಿಂದ. ಮೇಡಂ, ಇಂಗ್ಲಿಷ್ ಪಕ್ಕಕ್ಕಿಟ್ಬಿಡಿ, ಈ ಒಂದು ಪಾಠಕ್ಕಂತೂ ಕನ್ನಡದಿಂದ ನೇರ ಹೋದ್ರೇ ಸಲೀಸು. ಯಾಕೆ ಅಂದ್ರೆ ಇಂಗ್ಲಿಷ್‌ನೋರಿಗೆ ಎಲ್ಲಿ ಇದೀಯ, ಎಲ್ಲಿಗೆ ಹೋಗ್ತೀಯ ಎರಡಕ್ಕೂ "ವೇರ್" ಒಂದೇ, ಜರ್ಮನ್ನರಿಗೆ ಹಾಗಲ್ಲ. ಎಲ್ಲಿ ಅಂದ್ರೆ ವೋ, ಎಲ್ಲಿಗೆ ಅಂದ್ರೆ ವೋಹಿನ್, ಎಲ್ಲಿಂದ ಅಂದ್ರೆ ವೋಹೇರ್. ನಮ್ಮದಕ್ಕೆ ಒಂದಕ್ಕೊಂದು ಸರಿಯಾಗಿ ಕೂರತ್ತೆ. ನನ್ನ ಜೊತೆ ಕ್ಲಾಸಲ್ಲಿದ್ದ ಇಂಗ್ಲೆಂಡ್‌ನೋನು ವೋಹಿನ್ ಕೇಳಿದ್ರೆ ಅರ್ಧ ನಿಮಿಷ ಯೋಚ್ನೆ ಮಾಡ್ತಿದ್ದ, ನಮಗೆ ಅದು ಹುಟ್ಟಿದಾಗಿಂದ ಗೊತ್ತಿರೋದೇ. ಮಾತಾಡುವಾಗ ಅದನ್ನ ಒಡೆದು "ವೋ ಗೇಸ್ಟ್ ಡು ಹಿನ್?" ಅಂತಾನೂ ಕೇಳ್ತಾರೆ, ಹೆದರ್ಬೇಡಿ, ಅದೂ ಎಲ್ಲಿಗ್ ಹೋಗ್ತಿದೀಯ ಅನ್ನೋದೇ.

ಇನ್ನೊಂದು, ಪದಗಳ ಸಾಲು. "ನಾನು ನಾಳೆ ಆಫೀಸ್ ಕೆಲ್ಸಕ್ಕೆ ಟ್ರೈನಲ್ಲಿ ಮ್ಯೂನಿಕ್‌ಗೆ ಹೋಗ್ತೀನಿ" ಅಂತ ನಾವು ಹೇಳ್ತೀವಲ್ಲ, ಯಾವಾಗ, ಯಾಕೆ, ಹೇಗೆ, ಎಲ್ಲಿಗೆ, ಅದೇ ಸಾಲಲ್ಲಿ ಜರ್ಮನ್. ಇಶ್ ಫಾರೆ ಮೋರ್ಗನ್ ವೇಗನ್ ಡೇರ್ ಆರ್ಬೈಟ್ ಮಿಟ್ ಡೇಮ್ ತ್ಸೂಗ್ ನಾಖ್ ಮ್ಯೂನ್ಶನ್. ಕ್ಲಾಸಲ್ಲಿ ಇದನ್ನ ತೇಕಾಮೋಲೋ (ಈ ನಾಲ್ಕರ ಜರ್ಮನ್ ಹೆಸ್ರಿನ ಮೊದಲಕ್ಷರಗಳು) ಅಂತ ಬೋರ್ಡ್ ಮೇಲೆ ಬರ್ದು ಬಾಯಿಪಾಠ ಮಾಡಿಸ್ತಾರೆ, ಇಂಗ್ಲಿಷ್‌ನಲ್ಲಿ ಇದು ತಿರುಗುಮುರುಗು ಆಗೋದ್ರಿಂದ ಅವ್ರಿಗೆ ಬೇಕು, ಕನ್ನಡದೋರಿಗೆ ಬೇಕಾಗೇ ಇಲ್ಲ. ಒಂದೇ ವ್ಯತ್ಯಾಸ, ಕ್ರಿಯಾಪದ ಎರಡನೇ ಜಾಗಕ್ಕೆ ಎದ್ದು ಬರತ್ತೆ. ಅದ್ರಲ್ಲೂ "ಹೋಗ್ಬೇಕು" ಅಂತ ಮಾಡಿದ್ರೆ ಹೋಗೋದು ಮತ್ತೆ ನಮ್ಮ ಥರ ಕೊನೆಗೇ ಹೋಗತ್ತೆ: ಇಶ್ ಮುಸ್ ಮೋರ್ಗನ್ ನಾಖ್ ಕ್ಯೋಲ್ನ್ ಫಾರನ್, ನಾಳೆ ಕಲೋನ್ ಊರಿಗೆ ಹೋಗ್ಬೇಕು.

ಪೇಡಾ_ಪ್ರಿಯ:
ನೆಕ್ಕರ್ ಸಾಹೇಬ್ರು ಖರೇ ಹೇಳ್ಯಾರ. ನಾ ಧಾರವಾಡದಾಂವ, ಈಗ ಡಾರ್ಟ್‌ಮುಂಡ್‌ನ್ಯಾಗ ಅದೀನಿ. ಅಕ್ಕಾರ, ಮೊದಲ ತಿಳ್ಕೋಬೇಕಾದ್ದು ನಾಖ್ ತ್ಸು ಅಲ್ರೀ, ಗೇಯನ್ ಮತ್ತ ಫಾರನ್. ನಮ್ಮಾಗ ನಡಕೊಂತ ಹೋದ್ರೂ ಹೋಗೂದ, ಬಸ್ಸಿನ್ಯಾಗ ಹೋದ್ರೂ ಹೋಗೂದ, ವಿಮಾನದಾಗ ಹೋದ್ರೂ ಹೋಗೂದ. ಇವ್ರಿಗೆ ಕಾಲ್ಲೆ ಹೋದ್ರ ಗೇಯನ್, ಗಾಲಿ ಇದ್ದದ್ದು ಏನರ ಇದ್ರ ಫಾರನ್, ಸೈಕಲ್ ಸೈತ ಫಾರನ್ನ, ವಿಮಾನ ಇದ್ರ ಫ್ಲೀಗನ್. "ಇಶ್ ಗೇಹೆ ನಾಖ್ ಹಾಂಬುರ್ಗ್" ಅಂದ್ರ ಎದುರಿನಾಂವ ನಿಮ್ಮ ಬೂಟು ನೋಡ್ತಾನ.

ಆದ್ರ ಒಂದು ಸೂಕ್ಷ್ಮ ಐತಿ. ಸಿನಿಮಾ, ಊಟ, ಸಂತಿ, ಸಾಲಿ ಇಂಥಾವಕ್ಕ ಕಾರಿನ್ಯಾಗ ಹೋದ್ರೂ ಗೇಯನ್ ಅಂತಾರ. ಐನ್‌ಕೌಫನ್ ಗೇಯನ್, ಎಸ್ಸನ್ ಗೇಯನ್, ಇನ್ಸ್ ಕೀನೋ ಗೇಯನ್. ಅಲ್ಲಿ ಮುಖ್ಯ ಆಗೂದು ಏನ್ ಮಾಡಾಕ ಹೊಂಟೀರಿ ಅನ್ನೂದು, ಹೆಂಗ ಹೊಂಟೀರಿ ಅನ್ನೂದಲ್ಲ.

ಸಂಜೆಮಲ್ಲಿಗೆ:
ಓ ಇದು ಯಾರೂ ಹೇಳಿರ್ಲಿಲ್ಲ, ಥ್ಯಾಂಕ್ಸ್. ಹಾಗಾದ್ರೆ "ಡಿಸೆಂಬರ್‌ನಲ್ಲಿ ಇಂಡಿಯಾಗೆ ಹೋಗ್ತೀನಿ" ಅನ್ನೋಕೆ ಗೇಯನ್ ಹಾಕೋದು ಪೂರ್ತಿ ತಪ್ಪಾ? ಪುಸ್ತಕದಲ್ಲಿ ಒಂದು ಕಡೆ "ಏರ್ ಗೇಟ್ ನಾಖ್ ಕಾನಡಾ" ಅಂತ ಓದ್ದೆ.

ನೆಕ್ಕರ್_ದಂಡೆ:
ಪುಸ್ತಕದಲ್ಲಿರೋದು ಸರಿ. ದೇಶದ ಹೆಸ್ರ ಜೊತೆ ಗೇಯನ್ ಬಂದ್ರೆ ಅಲ್ಲಿ ಇರೋಕೆ ಹೋಗ್ತಿದಾನೆ, ಕೆಲ್ಸಕ್ಕೋ ಓದೋಕೋ ಒಂದಷ್ಟು ಕಾಲ ನೆಲೆಸ್ತಾನೆ ಅಂತ ಅರ್ಥ ಬರತ್ತೆ. ರಜಕ್ಕೆ ಹೋಗಿ ಬರೋದಾದ್ರೆ "ಇಶ್ ಫ್ಲೀಗೆ ಇಮ್ ಡೆತ್ಸೆಂಬರ್ ನಾಖ್ ಇಂಡಿಯನ್". ಆಫೀಸಲ್ಲಿ ಮ್ಯಾನೇಜರ್ ಹತ್ರ ಗೇಯನ್ ಬಳಸಿದ್ರೆ ರಾಜೀನಾಮೆ ಕೊಡ್ತಿದಾರಾ ಅಂತ ಅವ್ರು ಗಾಬರಿ ಆಗ್ಬೋದು.

ಕಾರಕ_ವಿಭಕ್ತಿ:
ಕನ್ನಡ ಮೇಷ್ಟ್ರಾಗಿದ್ದೋನು, ಈಗ ಮಗಳ ಮನೆ ಲೈಪ್‌ತ್ಸಿಗ್‌ನಲ್ಲಿ. ಕನ್ನಡದಿಂದ ಕಲೀರಿ ಅನ್ನೋ ಮಾತಿಗೆ ನನ್ನದೂ ಒಪ್ಪಿಗೆ, ಆದ್ರೆ ಒಂದು ಕಡೆ ಹುಷಾರಾಗಿರ್ಬೇಕು. ಉ, ಅನ್ನು, ಇಂದ, ಗೆ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿರ್ತೀವಿ, "ಗೆ" ಚತುರ್ಥಿ, ಚತುರ್ಥಿ ಅಂದ್ರೆ ಡಾಟಿವ್, ಹಾಗಾಗಿ ಹೋಗೋ ಜಾಗಕ್ಕೆಲ್ಲ ಡಾಟಿವ್ ಹಾಕಿದ್ರಾಯ್ತು ಅನ್ಸತ್ತೆ. ನಾಖ್, ತ್ಸು ಎರಡಕ್ಕೆ ಅದು ಸರಿ, ಅವು ಯಾವಾಗ್ಲೂ ಡಾಟಿವೇ. ಆದ್ರೆ ಇನ್, ಆನ್, ಔಫ್ ಬಂದಾಗ ಲೆಕ್ಕ ಉಲ್ಟಾ. ಹೋಗೋ ಕಡೆಗೆ ಅಕ್ಕುಜಾಟಿವ್, ಇರೋ ಕಡೆಗೆ ಡಾಟಿವ್. ಇಶ್ ಗೇಹೆ ಇನ್ ಡೀ ಶ್ಟಾಟ್, ಪೇಟೆಗೆ ಹೋಗ್ತೀನಿ. ಇಶ್ ಬಿನ್ ಇನ್ ಡೇರ್ ಶ್ಟಾಟ್, ಪೇಟೇಲಿದೀನಿ. ಅಂದ್ರೆ ಈ ಮೂರರ ಜೊತೆ ನಮ್ಮ "ಗೆ" ಇರೋ ಕಡೆ ಅವರ ದ್ವಿತೀಯಾ, ನಮ್ಮ "ಅಲ್ಲಿ" ಇರೋ ಕಡೆ ಅವರ ಚತುರ್ಥಿ. ವಿಭಕ್ತಿಯ ಹೆಸರು ಹಿಡ್ಕೊಂಡು ಹೋಗ್ಬೇಡಿ, ಹೋಗೋದಾ ಇರೋದಾ ಅಂತ ಕೇಳ್ಕೊಳಿ, ಆ ಪ್ರಶ್ನೆ ಕನ್ನಡದೋರಿಗೆ ತಾನಾಗೇ ಬರತ್ತೆ.

ಟ್ರೈನಿನ ವಿಷ್ಯದಲ್ಲೂ ಇದೇ ಥರದ್ದೊಂದಿದೆ. ನಾವು "ಟ್ರೈನಲ್ಲಿ ಹೋಗ್ತೀನಿ", "ಟ್ರೈನಲ್ಲಿದೀನಿ" ಎರಡಕ್ಕೂ ಸಪ್ತಮಿ ಹಾಕ್ತೀವಿ. ಅವರಿಗೆ ಮೊದಲನೇದು ಮಿಟ್ ಡೇಮ್ ತ್ಸೂಗ್, ಎರಡನೇದು ಇಮ್ ತ್ಸೂಗ್.

ಗಡಿಬಿಡಿ_ಗಂಡ:
ಮೇಷ್ಟ್ರೇ ಗೌರವ ಇದೆ, ಆದ್ರೆ ಪಾಪ ಅವ್ರಿಗೆ ಎ1 ಮುಗ್ದಿಲ್ಲ ಆಗ್ಲೇ ಸಪ್ತಮಿ ತನಕ ಕರ್ಕೊಂಡ್ ಹೋದ್ರಿ 😄 ನಾನು ಹೇಳೋದು ರೂಲ್ ಎಲ್ಲಾ ಆಮೇಲೆ, ಮೊದ್ಲು ತುಂಡು ತುಂಡಾಗಿ ಬಾಯಿಗೆ ಹತ್ತಿಸ್ಕೊಳಿ. ಬೆಳಿಗ್ಗೆ ಎದ್ದು ತ್ಸುರ್ ಆರ್ಬೈಟ್, ಸಂಜೆ ನಾಖ್ ಹೌಜೆ, ಮನೇಲಿದ್ರೆ ತ್ಸು ಹೌಜೆ, ಬ್ರೆಡ್ ತರೋಕೆ ತ್ಸುಮ್ ಬೆಕ್ಕರ್, ಪಾರ್ಸೆಲ್‌ಗೆ ತ್ಸುರ್ ಪೋಸ್ಟ್, ಜ್ವರ ಬಂದ್ರೆ ತ್ಸುಮ್ ಆರ್ಟ್ಸ್ಟ್, ಮಾತ್ರೆಗೆ ಇನ್ ಡೀ ಅಪೊಟೇಕೆ, ಮಲಗೋಕೆ ಇನ್ಸ್ ಬೆಟ್, ಬಾತ್‌ರೂಮ್‌ಗೆ ಔಫ್ ಡೀ ಟೊಯ್ಲೆಟೆ, ಕೆರೆ ಕಡೆಗೆ ಆನ್ ಡೆನ್ ಜೇ. ಇಷ್ಟಿದ್ರೆ ಒಂದು ಸಾಧಾರಣ ವಾರ ಕಳೀತು. ಯಾರೂ ನಿಂತ್ಕೊಂಡು ಪೋಸ್ಟ್ ಸ್ತ್ರೀಲಿಂಗ, ತ್ಸು ಪ್ಲಸ್ ಡೇರ್ ಈಕ್ವಲ್ಸ್ ತ್ಸುರ್ ಅಂತ ಲೆಕ್ಕ ಹಾಕಲ್ಲ.

ಮತ್ತೆ ದಿನಾ ಮಾತಲ್ಲಿ ಹೋಗೋ ಕ್ರಿಯಾಪದನೇ ಹಾರ್ಸ್‌ಬಿಡ್ತಾರೆ. ಇಶ್ ಮುಸ್ ಮಾಲ್ ಕುರ್ತ್ಸ್ ತ್ಸುಮ್ ಬೆಕ್ಕರ್. ಇಶ್ ಮುಸ್ ನಾಖ್ ಹೌಜೆ. ಇಶ್ ವಿಲ್ ಇನ್ಸ್ ಬೆಟ್. ಗೇಯನ್ನಾ ಫಾರನ್ನಾ ಅನ್ನೋ ತಲೆನೋವೇ ಇಲ್ಲ. ಶುರುವಲ್ಲಿ ಡೌಟ್ ಬಂದ್ರೆ ಇಶ್ ಮುಸ್ ಹಾಕಿ ಜಾಗ ಹೇಳಿ ಸುಮ್ಮನಾಗಿ.

ಕಾರಕ_ವಿಭಕ್ತಿ:
ತುಂಡು ಬಾಯಿಪಾಠ ಮಾಡಿದೋರು ಪಟ್ಟೀಲಿ ಇಲ್ಲದ ಜಾಗ ಬಂದಾಗ ಏನ್ ಮಾಡ್ತಾರೆ ಸ್ವಾಮಿ?

ಗಡಿಬಿಡಿ_ಗಂಡ:
ತ್ಸು ಹಾಕ್ತಾರೆ 😀 ನಿಜ್ವಾಗ್ಲೂ. ಊರು, ದೇಶ ಬಿಟ್ಟು ಬೇರೆ ಹೆಚ್ಚುಕಮ್ಮಿ ಎಲ್ಲಾ ಕಡೆಗೂ ತ್ಸು ಹಾಕಿದ್ರೆ ಜನಕ್ಕೆ ಅರ್ಥ ಆಗತ್ತೆ.

ಕಾರಕ_ವಿಭಕ್ತಿ:
ಅದು ಒಪ್ಕೊಂಡೆ. ಆದ್ರೆ ಒಳಗೆ ಹೋಗೋದಾದ್ರೆ ಇನ್, ಅಲ್ಲಿ ತನಕ ಹೋಗೋದಾದ್ರೆ ತ್ಸು ಅನ್ನೋ ಒಂದು ಎಳೆ ಗೊತ್ತಿದ್ರೆ ನಿಮ್ಮ ಅರ್ಧ ಪಟ್ಟಿ ಬೇಕಾಗಲ್ಲ. ಮನುಷ್ಯರ ಹತ್ರ ಹೋಗೋದು ಮಾತ್ರ ಯಾವಾಗ್ಲೂ ತ್ಸು. ನಾವು ಡಾಕ್ಟರಿಗೆ ಹೋಗ್ತೀನಿ ಅನ್ನಲ್ಲ, ಡಾಕ್ಟರ್ ಹತ್ರ ಹೋಗ್ತೀನಿ ಅಂತೀವಿ, ಆ "ಹತ್ರ" ಬಂದ ಕಡೆಯೆಲ್ಲ ತ್ಸು ಇಟ್ಬಿಡಿ. ಅಕ್ಕನ ಹತ್ರ ಮೈಂಟ್ಸ್‌ಗೆ ಹೋಗ್ತೀನಿ ಅಂದ್ರೆ ಇಶ್ ಫಾರೆ ತ್ಸು ಮೈನರ್ ಶ್ವೆಸ್ಟರ್ ನಾಖ್ ಮೈಂಟ್ಸ್, ಎರಡೂ ಒಂದೇ ವಾಕ್ಯದಲ್ಲಿ.

ಪೇಡಾ_ಪ್ರಿಯ:
ನಮ್ಮ ಡಾರ್ಟ್‌ಮುಂಡ್ ಕಡೆ ಮಂದಿ "ನಾಖ್ ಆಲ್ಡಿ" ಅಂತಾರ್ರೀ, ಅಂಗಡಿಗೂ ನಾಖ್. ಪುಸ್ತಕದ ಪ್ರಕಾರ ತ್ಸು ಆಲ್ಡಿ. ರೂರ್ ಸೀಮಿ ಮಾತು ಅದು. ಪರೀಕ್ಷಾದಾಗ ಬರೀಬ್ಯಾಡ್ರಿ ಮತ್ತ.

ಕಡಲ್_ಕರೆ:
ಮಂಗಳೂರಿಂದ. ವಿಭಕ್ತಿ ವಿಷಯ ಬಂತಲ್ಲ, ಒಂದು ಹೇಳ್ತೇನೆ ಮಾರಾಯ್ರೆ. ನಮ್ಮ ಗೆ, ಅಲ್ಲಿ, ಇಂದ ಎಲ್ಲ ಕಲ್ತು ಕನ್ನಡ ನಿಘಂಟು ಮಾಡಿದವರು ಜರ್ಮನಿಯ ಕಿಟ್ಟೆಲ್, 1894ರಲ್ಲಿ ಇಲ್ಲಿಯ ಬಾಸೆಲ್ ಮಿಶನ್‌ನಿಂದ ಅಚ್ಚಾದದ್ದು, 1903ರಲ್ಲಿ ವ್ಯಾಕರಣವೂ ಬಂತು. ಅವರು ಕೊನೆಗೆ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ನೆಕ್ಕರ್‌ನವರಿಗೆ ಹತ್ತಿರವೇ ಉಂಟಲ್ಲ ಅದು?

ನೆಕ್ಕರ್_ದಂಡೆ:
ಹೌದು, ಸ್ಟುಟ್‌ಗಾರ್ಟ್‌ನಿಂದ ಲೋಕಲ್ ಟ್ರೈನಲ್ಲೇ ಹೋಗ್ಬೋದು. ಇಶ್ ಫಾರೆ ಆಮ್ ಜೊನ್‌ಟಾಗ್ ನಾಖ್ ಟ್ಯೂಬಿಂಗನ್, ಭಾನುವಾರ ಹೋಗ್ತೀನಿ ಅಂತ, ಅಭ್ಯಾಸಕ್ಕೂ ಆಯ್ತು.

ತುಂತುರು_ಮಳೆ:
ನರ್ಸ್ ಕೆಲ್ಸಕ್ಕೆ ಬಂದೋಳು, ಕಾಸೆಲ್‌ನಲ್ಲಿದೀನಿ. ನೀವೆಲ್ಲಾ ಹೇಳೋದ್ರ ಬಗ್ಗೆ ಮಾತ್ರ ಹೇಳ್ತಿದೀರ, ಕೇಳಿಸ್ಕೊಳೋದ್ರ ಬಗ್ಗೆ ಯಾರೂ ಹೇಳ್ತಿಲ್ಲ. ದಾರಿ ಕೇಳೋ ವಾಕ್ಯ ಒಂದೇ ಸಾಕು: ಎಂಟ್‌ಶುಲ್ಡಿಗುಂಗ್, ವೀ ಕೊಮೆ ಇಶ್ ತ್ಸುಮ್ ಬಾನ್‌ಹೋಫ್? ಅಂದ್ರೆ ಕ್ಷಮಿಸಿ, ಸ್ಟೇಷನ್‌ಗೆ ಹೇಗೆ ಹೋಗೋದು ಅಂತ. ಇಲ್ಲಿ ಹೋಗೋದಲ್ಲ, ಬರೋದು, ಕೊಮನ್. ಇದನ್ನ ಎಲ್ರೂ ಚೆನ್ನಾಗಿ ಹೇಳ್ತಾರೆ, ನೀವು ಅಷ್ಟು ಚೆನ್ನಾಗಿ ಹೇಳಿದ್ರಿಂದ್ಲೇ ಎದ್ರಿಗಿರೋರು ಉತ್ರ ಫುಲ್ ಸ್ಪೀಡಲ್ಲಿ ಕೊಡ್ತಾರೆ, ಅಲ್ಲಿ ಕಥೆ ಶುರು. ಅದಕ್ಕೆ ಉತ್ರದ ಪದಗಳನ್ನ ಕಿವಿಗೆ ಹಾಕ್ಕೊಂಡಿರಿ. ಲಿಂಕ್ಸ್ ಎಡ, ರೆಶ್ಟ್ಸ್ ಬಲ, ಗೆರಾಡೆಔಸ್ ನೇರ, ಆನ್ ಡೇರ್ ಆಂಪೆಲ್ ಅಂದ್ರೆ ಸಿಗ್ನಲ್ ಹತ್ರ, ಡೀ ತ್ಸ್ವೈಟೆ ಶ್ಟ್ರಾಸೆ ರೆಶ್ಟ್ಸ್ ಅಂದ್ರೆ ಬಲಕ್ಕೆ ಎರಡನೇ ರಸ್ತೆ, ಬಿಸ್ ತ್ಸುರ್ ಕ್ರೊಯ್ತ್ಸುಂಗ್ ಅಂದ್ರೆ ಕ್ರಾಸ್ ತನಕ, ಊಬರ್ ಡೀ ಬ್ರ್ಯೂಕೆ ಅಂದ್ರೆ ಸೇತುವೆ ದಾಟಿ, ರುಂಟರ್ ಅಂದ್ರೆ ಕೆಳಗೆ, ರೌಫ್ ಅಂದ್ರೆ ಮೇಲೆ. ಕೇಳಿದ್ಮೇಲೆ ನೀವೇ ಒಂದ್ಸಲ ತಿರುಗಿ ಹೇಳಿ, "ಆಲ್ಜೋ ಲಿಂಕ್ಸ್, ಡನ್ ಗೆರಾಡೆಔಸ್?" ಅಂತ, ಅಂದ್ರೆ ಎಡಕ್ಕೆ, ಆಮೇಲೆ ನೇರ ತಾನೇ. ತಪ್ಪಿದ್ರೆ ಅವ್ರೇ ಸರಿ ಮಾಡ್ತಾರೆ, ಸ್ಪೀಡೂ ಕಮ್ಮಿ ಆಗತ್ತೆ.

ಉಚ್ಚಾರಕ್ಕೆ ಒಂದ್ ಮಾತು. ನಾವೆಲ್ಲ ಇಲ್ಲಿ "ಇಶ್" ಅಂತ ಬರೀತಿದೀವಿ, ನಿಜವಾದ ಶಬ್ದ ಶ ಮತ್ತೆ ಹ ಮಧ್ಯೆ ಎಲ್ಲೋ ಇದೆ, ಆಡಿಯೋ ಕೇಳಿ ಸರಿ ಮಾಡ್ಕೊಳಿ.

ಸಂಜೆಮಲ್ಲಿಗೆ:
ತುಂತುರು ಅವ್ರೇ, ಇದು ನಂಗೆ ಬೇಕಿತ್ತು. ಸ್ಟೇಷನ್ ಒಳಗಿನ ಮಾತೂ ಹೇಳ್ತೀರಾ? ಯಜಮಾನ್ರು ಟ್ರೈನ್ ಅನೌನ್ಸ್‌ಮೆಂಟ್ ಅರ್ಥ ಆಗ್ದೇ ಇದ್ರೆ ಕಷ್ಟ ಅಂತ ಹೆದ್ರಿಸಿಟ್ಟಿದಾರೆ.

ಪೇಡಾ_ಪ್ರಿಯ:
ನಿಮ್ಮ ಯಜಮಾನ್ರು ಹೆದರಿಸಿದ್ದು ಸುಳ್ಳಲ್ಲ. ಜರ್ಮನಿ ಅಂದ್ರ ಗಡಿಯಾರ ಹಿಡಿದು ಟ್ರೈನ್ ಬರ್ತೈತಿ ಅನ್ನೂದು ನಮ್ಮ ಊರಾಗಿನ ನಂಬಿಕಿ ಅಷ್ಟ. ಫೆರ್ಶ್ಪೇಟುಂಗ್ ಅಂದ್ರ ಲೇಟು, ಇದು ಮೊದಲ ಕಲೀರಿ. ಫೆಲ್ಟ್ ಔಸ್ ಅಂದ್ರ ಟ್ರೈನ್ ರದ್ದು. ಗ್ಲೈಸ್ ಅಂದ್ರ ಪ್ಲಾಟ್‌ಫಾರ್ಮ್ ನಂಬರು, ಅನೌನ್ಸ್‌ಮೆಂಟಿನ್ಯಾಗ "ಹೊಯ್ಟೆ ಫೊನ್ ಗ್ಲೈಸ್" ಅಂತ ಕೇಳಿಸ್ತು ಅಂದ್ರ ಇವತ್ತ ಪ್ಲಾಟ್‌ಫಾರ್ಮ್ ಬದಲಾಗೇತಿ ಅಂತ, ಎಲ್ಲಾರೂ ಬ್ಯಾಗ್ ತಗೊಂಡು ಓಡ್ತಾರ, ನೀವೂ ಓಡ್ರಿ. ಶೀನನ್‌ಎರ್ಜಾಟ್ಸ್‌ಫೆರ್ಕೇರ್ ಅನ್ನೂ ಉದ್ದನ್ನ ಶಬ್ದ, ಬೋರ್ಡಿನ ಮ್ಯಾಲೆ ಎಸ್ಇವಿ ಅಂತ ಗಿಡ್ಡಾಗಿ ಹಾಕಿರ್ತಾರ, ಹಳಿ ಕೆಲಸ ನಡದೈತಿ ಟ್ರೈನ್ ಬದಲಿ ಬಸ್ಸು ಅಂತ ಅರ್ಥ.

ತುಂತುರು_ಮಳೆ:
ಹತ್ತೋಕೆ ಮುಂಚೆ ಯಾರ್ನಾದ್ರೂ ಕೇಳಿ: ಫೇರ್ಟ್ ಡೀಸರ್ ತ್ಸೂಗ್ ನಾಖ್ ಬಾಂಬೆರ್ಗ್? ಹೆಲ್ಟ್ ಏರ್ ಇನ್ ಎರ್ಲಾಂಗನ್? ಅಂದ್ರೆ ಈ ಟ್ರೈನ್ ಬಾಂಬೆರ್ಗ್‌ಗೆ ಹೋಗತ್ತಾ, ಎರ್ಲಾಂಗನ್‌ನಲ್ಲಿ ನಿಲ್ಲತ್ತಾ ಅಂತ. ಎರಡನೇದು ಮುಖ್ಯ, ಆ ಕಡೆಗೇ ಹೋಗೋ ಟ್ರೈನ್ ಆದ್ರೂ ನಿಮ್ಮ ಸ್ಟೇಷನಲ್ಲಿ ನಿಲ್ಲತ್ತೆ ಅಂತೇನಿಲ್ಲ. ಬವೇರಿಯಾ ಕಡೆ ಕೆಲವು ಟ್ರೈನ್ ಮಧ್ಯದಲ್ಲಿ ಎರಡು ಭಾಗ ಆಗಿ ಬೇರೆ ಬೇರೆ ಊರಿಗೆ ಹೋಗತ್ತೆ, ಯಾವ ಡಬ್ಬೀಲಿ ಕೂತಿದೀರ ಅಂತ ಬೋರ್ಡ್ ನೋಡ್ಕೊಳಿ. ಹತ್ತೋದು ಐನ್‌ಶ್ಟೈಗನ್, ಇಳಿಯೋದು ಔಸ್‌ಶ್ಟೈಗನ್, ಬದಲಾಯ್ಸೋದು ಉಮ್‌ಶ್ಟೈಗನ್, ಒಂದೇ ಮನೆ ಮೂರು ಮಕ್ಳು. ವಾಕ್ಯದಲ್ಲಿ ಒಡೆಯತ್ತೆ: ಇಶ್ ಶ್ಟೈಗೆ ಇನ್ ನ್ಯುರ್ನ್‌ಬೆರ್ಗ್ ಉಮ್. ಆ ಕೊನೇ "ಉಮ್" ಬರೋ ತನಕ ಹತ್ತಿದ್ರಾ ಇಳಿದ್ರಾ ಅಂತ ಗೊತ್ತಾಗಲ್ಲ, ಕ್ರಿಯೆ ಕೊನೇಲಿ ತಿಳಿಯೋದು ನಮ್ಗೇನು ಹೊಸ್ದಲ್ಲ ಬಿಡಿ.

ಪೆಗ್ನಿಟ್ಸ್_ಪೋರ:
ನಿಮ್ಮೂರಿನ ಪಕ್ಕದೋನೇ, ಫ್ಯುರ್ಟ್‌ನಲ್ಲಿದೀನಿ. ಜರ್ಮನಿಯ ಮೊದಲ ಸ್ಟೀಮ್ ರೈಲು ಓಡಿದ್ದು ನ್ಯುರ್ನ್‌ಬೆರ್ಗ್‌ನಿಂದ ನಮ್ಮ ಫ್ಯುರ್ಟ್‌ಗೇ, 1835ರ ಡಿಸೆಂಬರ್ 7ಕ್ಕೆ, ಇಲ್ಲಿನೋರು ಹೆಮ್ಮೆಯಿಂದ ಹೇಳ್ಕೋತಾರೆ. ಈಗ ಅದೇ ಎರಡೂರ ಮಧ್ಯೆ ಊ-ಬಾನ್, ಅಂದ್ರೆ ಮೆಟ್ರೋ, ಇದೆ. ನ್ಯುರ್ನ್‌ಬೆರ್ಗ್ ಏರ್‌ಪೋರ್ಟಲ್ಲಿ ಇಳಿದ್ರೆ ಊ2 ಹಿಡ್ಕೊಂಡು ಮೇನ್ ಸ್ಟೇಷನ್ ಹೌಪ್ಟ್‌ಬಾನ್‌ಹೋಫ್‌ಗೆ ಬನ್ನಿ, ಡ್ರೈವರ್ ಇರಲ್ಲ, ಮುಂದಿನ ಗಾಜಿನ ಹತ್ರ ಮಕ್ಳೆಲ್ಲ ನಿಂತಿರ್ತಾರೆ, ಅಲ್ಲಿಂದ ಎರ್ಲಾಂಗನ್‌ಗೆ ಎಸ್-ಬಾನ್ (ಲೋಕಲ್ ಟ್ರೈನ್) ಅಥ್ವಾ ರೀಜನಲ್ ಟ್ರೈನ್.

ನಿಮ್ಗೆ ಕ್ಲಾಸಲ್ಲಿ ಹೇಳ್ಕೊಡದೇ ಇರೋದು, ಈ ಫ್ರಾಂಕನ್ ಸೀಮೆಯೋರು ಪ ಬ ಒಂದೇ ಥರ, ತ ದ ಒಂದೇ ಥರ ಮೆತ್ತಗೆ ಹೇಳ್ತಾರೆ. ಪೋಸ್ಟ್ ಅನ್ನೋದು ಬೋಸ್ಟ್ ಥರ ಕೇಳ್ಸತ್ತೆ. ಅಕ್ಷರ ಬಿಡ್ಸಿ ಹೇಳುವಾಗ ಮೆತ್ತನೆ ಬ, ಗಟ್ಟಿ ಬ ಅಂತ ಅವ್ರೇ ತಮಾಷೆ ಮಾಡ್ಕೋತಾರೆ. ಅಂಗಡಿ ಒಳಗೆ ಹೋಗ್ತಾ ಗ್ರ್ಯೂಸ್ ಗೊಟ್, ಹೊರಡ್ತಾ ಅಡೇ ಅಂದ್ಬಿಡಿ, ಮುಖ ಅರಳತ್ತೆ. ಮತ್ತೆ ಯಜಮಾನ್ರದ್ದು ಬ್ಲೂ ಕಾರ್ಡ್ (ಓದಿರೋರಿಗೆ ಕೊಡೋ ಕೆಲ್ಸದ ಪರ್ಮಿಟ್) ಆಗಿದ್ರೆ ವೀಸಾಗೆ ಎ1 ಸರ್ಟಿಫಿಕೇಟ್ ಕೇಳಲ್ಲ, ಆದ್ರೂ ಕ್ಲಾಸ್ ಬಿಡ್ಬೇಡಿ.

ಕಡಲ್_ಕರೆ:
ಹೊರಡುವಾಗ ಅಂದದ್ದಕ್ಕೆ ನೆನಪಾಯ್ತು. ನಾವು "ಹೋಗ್ತೇನೆ" ಅಂತ ಹೇಳಿ ಹೊರಡುದಿಲ್ಲ, ಅಪಶಕುನ, "ಬರ್ತೇನೆ" ಅಂತಲೇ ಹೇಳುದು. ನನ್ನ ತಮ್ಮ ಮ್ಯೂನ್ಶನ್‌ನಲ್ಲಿ ಇರುದು, ಅವನ ಅತ್ತೆ ಊರಿಂದ ಹೋದವರು ಪಕ್ಕದ ಮನೆಯಿಂದ ಏಳುವಾಗ "ಇಶ್ ಕೊಮೆ" ಅಂದರಂತೆ, ಆ ಅಜ್ಜಿ ಬಾಗಿಲು ತೆಗೆದು ಹಿಡ್ಕೊಂಡು ಯಾರು ಬರ್ತಾರೆ ಅಂತ ಹೊರಗೆ ನೋಡಿದರಂತೆ. ಇದಕ್ಕೆ ಜರ್ಮನ್‌ನಲ್ಲಿ ಏನುಂಟು?

ಗಡಿಬಿಡಿ_ಗಂಡ:
😂😂 ಇಶ್ ಮುಸ್ ಲೋಸ್ ಅಂದ್ರೆ ಹೊರಡ್ಬೇಕು. ಮನೆಯೋರಿಗೆ ಈಗ್ಲೇ ಬಂದ್ಬಿಡ್ತೀನಿ ಅನ್ನೋಕೆ ಇಶ್ ಬಿನ್ ಗ್ಲೈಶ್ ವೀಡರ್ ಡಾ. ಅಪಶಕುನ ಬೇಡ ಅನ್ನೋರಿಗೆ ಬಿಸ್ ಬಾಲ್ಟ್ ಇದೆ, ಬೇಗ ಸಿಗೋಣ ಅಂತ, ಹೋಗೋದೂ ಇಲ್ಲ ಬರೋದೂ ಇಲ್ಲ. ಫೋನಲ್ಲಿ ಎಲ್ಲಿದೀಯ ಅಂದ್ರೆ ಇಶ್ ಬಿನ್ ಉಂಟರ್‌ವೇಗ್ಸ್, ದಾರೀಲಿದೀನಿ, ಇನ್ನೂ ಮನೇಲಿ ಸಾಕ್ಸ್ ಹುಡುಕ್ತಿದ್ರೂ ಇದೇ. ನಮ್ಮ ಜೊತೆ ಬರ್ತೀಯಾ ಅನ್ನೋಕೆ ಕೊಮ್ಸ್ಟ್ ಡು ಮಿಟ್?

ನೆಕ್ಕರ್_ದಂಡೆ:
ಹೊರಡೋ ಟೈಮ್ ಹೇಳುವಾಗ ಒಂದು ಹುಷಾರು. ಹಾಲ್ಪ್ ಆಖ್ಟ್ ಅಂದ್ರೆ ಎಂಟೂವರೆ ಅಲ್ಲ, ಏಳೂವರೆ. ಎಂಟಕ್ಕೆ ಹೋಗೋ ದಾರೀಲಿ ಅರ್ಧ ಅನ್ನೋ ಲೆಕ್ಕ. ಪೂರ್ವ ಜರ್ಮನಿ ಕಡೆ, ಇಲ್ಲಿ ದಕ್ಷಿಣದಲ್ಲೂ, ಫಿರ್ಟೆಲ್ ಆಖ್ಟ್ ಅಂತಾರೆ, ಅದು ಏಳೂ ಕಾಲು, ಡ್ರೈಫಿರ್ಟೆಲ್ ಆಖ್ಟ್ ಏಳೂ ಮುಕ್ಕಾಲು. ಇಲ್ಲಿ ಮಾತ್ರ ಕನ್ನಡ ಕೈ ಕೊಡತ್ತೆ. ಟಿಕೆಟ್, ಬೋರ್ಡ್ ಎಲ್ಲಾ ಇಪ್ಪತ್ನಾಲ್ಕು ಗಂಟೆ ಲೆಕ್ಕದಲ್ಲಿರತ್ತೆ, ಮಾತಲ್ಲಿ ಯಾರಾದ್ರೂ ಹೇಳಿದಾಗ "19.30?" ಅಂತ ಅಂಕಿಯಲ್ಲೇ ಕೇಳಿ ಖಚಿತ ಮಾಡ್ಕೊಳಿ.

ಸಂಜೆಮಲ್ಲಿಗೆ:
ಇದನ್ನೆಲ್ಲಾ ನೋಟ್‌ಬುಕ್‌ಗೆ ಇಳಿಸ್ಕೊಂಡೆ. ಹೋಗಿ ಬಂದ್ಮೇಲೆ ಹೇಳೋದು ಹೇಗೆ? ನಿನ್ನೆ ಮೈಸೂರಿಗೆ ಹೋಗಿದ್ದೆ ಅನ್ನೋದು. ಹಾಬೆ ಹಾಕ್ಬೇಕಾ ಬಿನ್ ಹಾಕ್ಬೇಕಾ?

ಕಾರಕ_ವಿಭಕ್ತಿ:
ಬಿನ್. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯೋ ಕ್ರಿಯೆಗಳಿಗೆ ಬಿನ್ ಬರತ್ತೆ. ಇಶ್ ಬಿನ್ ಗೆಸ್ಟರ್ನ್ ನಾಖ್ ಮೈಸೂರ್ ಗೆಫಾರನ್. ನಡೆದಿದ್ರೆ ಗೆಗಾಂಗನ್, ಹಾರಿದ್ರೆ ಗೆಫ್ಲೋಗನ್. ಆದ್ರೆ ಬರೀ ಹೋಗಿದ್ದೆ ಅನ್ನೋದು ಮುಖ್ಯ ಆದ್ರೆ ಇಶ್ ವಾರ್ ಗೆಸ್ಟರ್ನ್ ಇನ್ ಮೈಸೂರ್, ಅಲ್ಲಿದ್ದೆ ಅಂತ. ಮನೇಲಿ ಅಳಿಯನ ಕಡೆಯೋರು ಮಾತಾಡೋದು ಕೇಳ್ತೀನಲ್ಲ, ಹತ್ತಕ್ಕೆ ಒಂಬತ್ತು ಸಲ ಈ "ವಾರ್"ನೇ.

ಗಡಿಬಿಡಿ_ಗಂಡ:
ನೋಡಿ, ಮೇಷ್ಟ್ರೂ ಶಾರ್ಟ್‌ಕಟ್‌ಗೆ ಬಂದ್ರು.

ಸಂಜೆಮಲ್ಲಿಗೆ:
ಕೊನೇದು, ಟಿಕೆಟ್. ಹೋಗೋಕೂ ಬರೋಕೂ ಅಂತ ಕೇಳೋದು ಹೇಗೆ, ಮತ್ತೆ ಆ ತಿಂಗ್ಳ ಟಿಕೆಟ್ ಎಲ್ಲಾ ಟ್ರೈನ್‌ಗೂ ಆಗತ್ತಾ?

ಪೆಗ್ನಿಟ್ಸ್_ಪೋರ:
ಐನ್‌ಮಾಲ್ ನಾಖ್ ಬಾಂಬೆರ್ಗ್, ಹಿನ್ ಉಂಟ್ ತ್ಸುರ್ಯುಕ್, ಬಿಟೆ. ಒಂದೇ ಕಡೆಗಾದ್ರೆ ಐನ್‌ಫಾಖ್. ತಿಂಗ್ಳದ್ದು ಡಾಯ್ಚ್‌ಲಾಂಡ್‌ಟಿಕೆಟ್, 2023ರ ಮೇನಲ್ಲಿ 49 ಯೂರೋಗೆ ಶುರು ಆಯ್ತು, 2025ರಲ್ಲಿ 58, 2026ರಿಂದ 63. ದೇಶದಲ್ಲೆಲ್ಲಾ ಬಸ್, ಟ್ರಾಮ್, ಊ-ಬಾನ್, ಎಸ್-ಬಾನ್, ರೀಜನಲ್ ಟ್ರೈನ್‌ಗೆ ನಡೆಯತ್ತೆ, ಐಸಿಇ, ಐಸಿ ಅನ್ನೋ ದೂರದೂರಿನ ಫಾಸ್ಟ್ ಟ್ರೈನ್‌ಗೆ ನಡೆಯಲ್ಲ. ಅದು ಚಂದಾ ಥರ, ಬೇಡ ಅಂದ್ರೆ ತಿಂಗ್ಳ 10ನೇ ತಾರೀಕಿನೊಳಗೆ ರದ್ದು ಮಾಡ್ಬೇಕು, ಇಲ್ದಿದ್ರೆ ಮುಂದಿನ ತಿಂಗ್ಳಿಗೂ ದುಡ್ಡು ಕಟ್ ಆಗತ್ತೆ. ಬಿಡಿ ಟಿಕೆಟ್ ಪೇಪರ್‌ದು ತಗೊಂಡ್ರೆ ಕೆಲವೂರಲ್ಲಿ ಮಿಷಿನ್‌ಗೆ ಹಾಕಿ ಸ್ಟ್ಯಾಂಪ್ ಒತ್ತಿಸ್ಬೇಕು, ಒತ್ತಿಸ್ದೆ ಸಿಕ್ಕಿಬಿದ್ರೆ 60 ಯೂರೋ ದಂಡ. ಬಂದ ಮೇಲೆ ಎರಡು ವಾರದೊಳಗೆ ವಿಳಾಸ ನೋಂದಣಿಗೆ ಬ್ಯುರ್ಗರ್‌ಆಮ್ಟ್‌ಗೆ ಹೋಗ್ಬೇಕಲ್ಲ, ತ್ಸುಮ್ ಬ್ಯುರ್ಗರ್‌ಆಮ್ಟ್, ಅಪಾಯಿಂಟ್‌ಮೆಂಟ್ ಮಾತ್ರ ಯಜಮಾನ್ರ ಹತ್ರ ಈಗ್ಲೇ ಬುಕ್ ಮಾಡ್ಸಿಡಿ.